ಪಾಯಿಂಟು ತೆಗೆಯಿರಿ, ಬಿಸಾಡಬೇಡಿ

ಹಳೆಯ ಪೆಟ್ರೋಲ್ ಇಂಜಿನ್ನಿನ ಪಾಯಿಂಟು ತೆಗೆಸಿ ಎಲೆಕ್ಟ್ರಾನಿಕ್ ಹಾಕಿಸಬೇಕೋ ಬೇಡವೋ ಎಂಬ ಮಾತು ನಮ್ಮ ಕಡೆ ಮಳೆ ಕೈಕೊಟ್ಟಾಗಲೆಲ್ಲ ಬರುತ್ತದೆ. ಮಳೆ ಚೆನ್ನಾಗಿದ್ದರೆ ಇಂಜಿನ್ನು ಕೊಟ್ಟಿಗೆ ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿರುತ್ತದೆ, ಯಾರೂ ಕೇಳುವುದಿಲ್ಲ. ಹದಿನೈದು ದಿನ ಮೋಡ ಒಣಗಿತೆಂದರೆ ಎಲ್ಲರೂ ಒಂದೇ ಸಲ ಹಗ್ಗ ಎಳೆಯುತ್ತೇವೆ. ಅರ್ಧಕ್ಕರ್ಧ ಇಂಜಿನ್ನು ಸ್ಟಾರ್ಟ್ ಆಗುವುದಿಲ್ಲ. ಆಗ ಮೆಕ್ಯಾನಿಕ್ಕು ಬಂದು, ‘ಈ ಪಾಯಿಂಟು ಕಿತ್ತು ಬಿಸಾಡಿ, ಎಲೆಕ್ಟ್ರಾನಿಕ್ ಹಾಕಿಸಿ’ ಅನ್ನುತ್ತಾನೆ. ಪಕ್ಕದಲ್ಲಿ ಕೂತ ಹಿರಿಯರು, ‘ಅದೆಲ್ಲ ಬೇಡ, ಕೆಟ್ಟರೆ ಮುಟ್ಟೋಕಾಗಲ್ಲ’ ಅನ್ನುತ್ತಾರೆ.

ಇಬ್ಬರ ಮಾತನ್ನೂ ಬೇರೆ ಬೇರೆ ವರ್ಷ ಕೇಳಿ, ಎರಡರಲ್ಲೂ ಪೆಟ್ಟು ತಿಂದವನು ನಾನು. ಆದ್ದರಿಂದ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಲೆಕ್ಟ್ರಾನಿಕ್ ಹಾಕಿಸಿ, ತಪ್ಪಿಲ್ಲ. ಆದರೆ ಹಳೆಯ ಪಾಯಿಂಟು ಬಿಸಾಡಬೇಡಿ. ಕೆಟ್ಟ ದಿವಸ ಹೊಲದಲ್ಲೇ ನಿಂತು ಹಳೆಯದಕ್ಕೆ ಮರಳುವ ದಾರಿ ಇಟ್ಟುಕೊಂಡು ಹಾಕಿಸಿ. ಆ ದಾರಿ ಇಲ್ಲದಿದ್ದರೆ ಹಾಕಿಸಲೇಬೇಡಿ.

ಮೊದಲು ಇದು ಯಾವ ಇಂಜಿನ್ನಿನ ಮಾತು ಎಂಬುದು ಸ್ಪಷ್ಟವಾಗಲಿ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಕಿಲ್ಲ, ಒತ್ತಡದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಅದಕ್ಕೆ ಪಾಯಿಂಟೂ ಇಲ್ಲ, ಪ್ಲಗ್ಗೂ ಇಲ್ಲ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುತ್ತಿದ್ದ ಸಣ್ಣ ಪಂಪ್‌ಸೆಟ್ಟು, ಬೆನ್ನಿಗೆ ಹಾಕುವ ಹಳೆಯ ಪವರ್ ಸ್ಪ್ರೇಯರು, ಹಳೆಯ ಮೊಪೆಡ್ಡು, ಸ್ಕೂಟರು ಇವುಗಳ ಮಾತು ಇದು. ಗ್ರೀವ್ಸ್, ವಿಲಿಯರ್ಸ್ ಹೆಸರಿನ ಅಂಥ ಇಂಜಿನ್ನುಗಳು ಈಗಲೂ ಹಳ್ಳಿಗಳಲ್ಲಿ ಸಿಗುತ್ತವೆ. 2020ರ ಹೊತ್ತಿಗೆ ಸೀಮೆಎಣ್ಣೆಯ ಸಬ್ಸಿಡಿ ಪೂರ್ತಿ ನಿಂತಿತು. ಅಲ್ಲಿಂದ ನಾವು ಇವನ್ನು ಬರೀ ಪೆಟ್ರೋಲಿನಲ್ಲೇ ಓಡಿಸುತ್ತಿದ್ದೇವೆ. ದುಬಾರಿ ನಿಜ. ಆದರೆ ವರ್ಷಕ್ಕೆ ನಾಲ್ಕೈದು ದಿನ ಓಡಿಸುವುದಕ್ಕೆ ಹತ್ತಿಪ್ಪತ್ತು ಸಾವಿರ ಕೊಟ್ಟು ಹೊಸದು ತರುವುದು ಸಣ್ಣ ರೈತನಿಗೆ ಆಗದ ಮಾತು.

ನಾಲ್ಕೈದು ದಿನದ ಇಂಜಿನ್ನಿಗೆ ಇಷ್ಟೊಂದು ಚರ್ಚೆ ಯಾಕೆ?

ನಮ್ಮದು ಕಡ್ಲೆಕಾಯಿ ಸೀಮೆ. ಪಾವಗಡ, ಶಿರಾ, ಚಳ್ಳಕೆರೆ ಕಡೆಯ ಮಳೆ ಹೇಗೆ ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಕಡ್ಲೆಗಿಡ ಹೂ ಬಿಟ್ಟು, ಹೂವಿನಿಂದ ಸೂಜಿ ನೆಲಕ್ಕೆ ಇಳಿಯುವ ಹೊತ್ತಿಗೆ ನೆಲ ಮೆತ್ತಗಿರಬೇಕು. ಮಖೆ ಮಳೆ ತಪ್ಪಿತೆಂದರೆ ನೆಲ ಗಟ್ಟಿಯಾಗಿ ಸೂಜಿ ಮೇಲೆಯೇ ಒಣಗುತ್ತದೆ. ಗಿಡ ಹಸಿರಾಗಿಯೇ ಇರುತ್ತದೆ, ಕಿತ್ತರೆ ಕಾಯಿ ಇರುವುದಿಲ್ಲ. ಆ ಹೊತ್ತಿಗೆ ಒಂದು ಸಲ ನೀರು ಕೊಟ್ಟರೆ ಬೆಳೆ ಉಳಿಯುತ್ತದೆ.

2014ರಲ್ಲಿ ರಾಜ್ಯ ಸರ್ಕಾರ ಕೃಷಿ ಭಾಗ್ಯ ತಂದಿತಲ್ಲ, ಅದರಲ್ಲಿ ನಾನೂ 2015ರಲ್ಲಿ ಹೊಂಡ ತೆಗೆಸಿದೆ. ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ, ನಾಲ್ಕು ಕಡೆಯೂ ಇಳಿಜಾರು. ತುಂಬಿದರೆ ಸುಮಾರು ಎರಡೂವರೆ ಲಕ್ಷ ಲೀಟರ್. ಒಂದು ಎಕರೆಗೆ 25 ಮಿಲಿಮೀಟರ್ ಮಳೆ ಬಂದಷ್ಟು ನೀರು ಕೊಡಬೇಕಾದರೆ ಸುಮಾರು ಒಂದು ಲಕ್ಷ ಲೀಟರ್ ಬೇಕು. ಅಂದರೆ ಹೊಂಡ ತುಂಬಿದ್ದರೆ ಒಂದು ಎಕರೆಗೆ ಎರಡು ಸಲ ನೀರು, ಇಲ್ಲವೇ ಎರಡು ಎಕರೆಗೆ ಒಂದು ಸಲ. ನನ್ನ ಎರಡಿಂಚು ಪಂಪು ಗಂಟೆಗೆ 15,000 ಲೀಟರ್‌ನಷ್ಟು ಎತ್ತುತ್ತದೆ. ಒಂದು ಎಕರೆಗೆ ಏಳು ಗಂಟೆ. ಇಡೀ ವರ್ಷದ ಬೆಳೆ ಆ ಏಳು ಗಂಟೆಯ ಮೇಲೆ ನಿಂತಿರುತ್ತದೆ. ಆ ಏಳು ಗಂಟೆ ಪ್ಲಗ್ಗಿನ ತುದಿಯ ಕಿಡಿಯ ಮೇಲೆ ನಿಂತಿರುತ್ತದೆ.

2016ರ ಬರದಲ್ಲಿ

ಆ ವರ್ಷ ಜುಲೈ ಮಳೆಗೆ ಹೊಂಡದಲ್ಲಿ ನೀರು ನಿಂತಿತ್ತು. ಆಗಸ್ಟಿನಲ್ಲಿ ಮೋಡ ಮಾಯ. ಇಂಜಿನ್ನನ್ನು ಹೊಂಡದ ಏರಿ ಮೇಲೆ ಇಟ್ಟು ಹಗ್ಗ ಎಳೆದೆ. ಭುಜ ಬಿದ್ದುಹೋಗುವವರೆಗೆ ಎಳೆದರೂ ಒಂದು ಸದ್ದಿಲ್ಲ. ಪ್ಲಗ್ಗು ಬಿಚ್ಚಿ ನೋಡಿದರೆ ಕಿಡಿ ಇಲ್ಲ. ಹೊಸ ಪ್ಲಗ್ಗು ತಂದು ಹಾಕಿದೆ, ಆಗಲೂ ಇಲ್ಲ. ಹೋಬಳಿಯಲ್ಲಿದ್ದ ಒಬ್ಬನೇ ಮೆಕ್ಯಾನಿಕ್ಕಿಗೆ ಹೇಳಿಕಳಿಸಿದೆ. ನನ್ನಂಥವರೇ ಇಪ್ಪತ್ತು ಮಂದಿ ಅವನ ಬಾಗಿಲಲ್ಲಿ. ಅವನು ಬಂದದ್ದು ಆರನೇ ದಿವಸ.

ಬಂದವನು ಫ್ಲೈವೀಲ್ ಎಳೆದು, ಒಳಗಿನ ಪಾಯಿಂಟಿನ ಮುಖವನ್ನು ಪಾಲೀಶ್ ಪೇಪರಿನಲ್ಲಿ ತಿಕ್ಕಿ, ಸಂದು ಸರಿಮಾಡಿ ಹಗ್ಗ ಎಳೆದ. ಎರಡನೇ ಎಳೆತಕ್ಕೆ ಇಂಜಿನ್ನು ಓಡಿತು. ಅರ್ಧ ಗಂಟೆಯ ಕೆಲಸ. ಅದರಲ್ಲೂ ಪಾಯಿಂಟು ತಿಕ್ಕಿದ್ದು ಎರಡು ನಿಮಿಷ. ನನಗೆ ಸಿಟ್ಟು ಬಂದದ್ದು ಇಂಜಿನ್ನಿನ ಮೇಲಲ್ಲ, ನನ್ನ ಮೇಲೆ. 1994ರಲ್ಲಿ ಸೆಕೆಂಡ್ ಹ್ಯಾಂಡ್ ತಂದ ಇಂಜಿನ್ನು. ಇಪ್ಪತ್ತೆರಡು ವರ್ಷ ಮನೆಯಲ್ಲಿಟ್ಟುಕೊಂಡು ಅದರ ಒಳಗೆ ಏನಿದೆ ಎಂದು ನೋಡಿರಲಿಲ್ಲ. ಆ ವರ್ಷ ಎಕರೆಗೆ ಮೂರು ಚೀಲ ಕಾಯಿ ಬಂತು. ಪಕ್ಕದ ಹೊಲದವರು ಆ ಆರು ದಿನ ಮುಂಚೆ ನೀರು ಬಿಟ್ಟವರು, ಅವರಿಗೆ ಐದು. ಎಲ್ಲಾ ವ್ಯತ್ಯಾಸವೂ ಆ ಆರು ದಿನದ್ದೇ ಅನ್ನಲಾರೆ. ಆದರೆ ಬಹುಪಾಲು ಅದೇ.

ಪಾಯಿಂಟು ಮಾಡುವ ಕೆಲಸ

ಅಲ್ಲಿಂದ ಕೇಳಿ ಕೇಳಿ ಕಲಿತದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಫ್ಲೈವೀಲಿನಲ್ಲಿ ಮ್ಯಾಗ್ನೆಟ್ ಇರುತ್ತದೆ. ಅದು ಕಾಯಿಲ್ ಮುಂದೆ ಸುತ್ತಿದಾಗ ಕಾಯಿಲ್‌ನಲ್ಲಿ ಕರೆಂಟು ಹುಟ್ಟುತ್ತದೆ. ಬ್ಯಾಟರಿ ಬೇಕಿಲ್ಲ. ಆದರೆ ಹಾಗೆ ಹುಟ್ಟಿದ ಕರೆಂಟಿಗೆ ಪ್ಲಗ್ಗಿನ ಸಂದು ಹಾರುವ ಶಕ್ತಿ ಇರುವುದಿಲ್ಲ. ನೀರು ಹರಿಯುತ್ತಿರುವ ಪೈಪಿನ ವಾಲ್ವನ್ನು ಗಕ್ಕನೆ ಮುಚ್ಚಿದರೆ ಪೈಪು ಒದೆಯುತ್ತದಲ್ಲವೇ? ಹಾಗೆಯೇ ಇದು. ಪಾಯಿಂಟು ಕೂಡಿದ್ದಾಗ ಕಾಯಿಲ್‌ನಲ್ಲಿ ಕರೆಂಟು ಹರಿಯುತ್ತಿರುತ್ತದೆ. ಪಿಸ್ಟನ್ ಮೇಲೆ ಬರುವ ಸರಿಯಾದ ಗಳಿಗೆಗೆ ಕ್ಯಾಮ್ ಬಂದು ಪಾಯಿಂಟನ್ನು ಬಿಡಿಸುತ್ತದೆ. ಹರಿವು ಗಕ್ಕನೆ ನಿಂತು, ಕಾಯಿಲ್‌ನ ಸಣ್ಣ ತಂತಿಯ ಸುತ್ತಿನಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ಒದೆತ ಬರುತ್ತದೆ. ಅದೇ ಪ್ಲಗ್ಗಿನ ಕಿಡಿ. ಆ ಒದೆತ ಪಾಯಿಂಟನ್ನೇ ಸುಡದ ಹಾಗೆ ತಡೆದುಕೊಳ್ಳುವುದು ಕಂಡೆನ್ಸರ್ ಕೆಲಸ.

ಈಗ ಲೆಕ್ಕ ಹಾಕಿ. ಕ್ರ್ಯಾಂಕಿನ ಮೇಲೆಯೇ ಕ್ಯಾಮ್ ಇರುವ ಇಂಜಿನ್ನು ನಿಮಿಷಕ್ಕೆ 3,000 ಸುತ್ತು ಸುತ್ತಿದರೆ ಪಾಯಿಂಟು 3,000 ಸಲ ತೆರೆದು ಮುಚ್ಚುತ್ತದೆ. ಏಳು ಗಂಟೆಗೆ 12 ಲಕ್ಷ 60 ಸಾವಿರ ಸಲ. ಕ್ಯಾಮಿಗೆ ತಾಗುವ ಫೈಬರ್ ಹಿಮ್ಮಡಿ ಸವೆಯುತ್ತದೆ. ಸವೆದಷ್ಟೂ ಸಂದು ಕಮ್ಮಿಯಾಗುತ್ತದೆ, ಪಾಯಿಂಟು ತಡವಾಗಿ ತೆರೆಯುತ್ತದೆ, ಕಿಡಿ ತಡವಾಗಿ ಬೀಳುತ್ತದೆ. ಇಂಜಿನ್ನು ಬಿಸಿಯಾಗುತ್ತದೆ, ಎಳೆತ ಕಮ್ಮಿ, ಪೆಟ್ರೋಲು ಜಾಸ್ತಿ. ಇದು ಓಡಿಸಿದರೆ ಆಗುವ ಸವೆತ. ಓಡಿಸದೆ ಇಟ್ಟರೆ ಇನ್ನೊಂದು ತೊಂದರೆ. ತೇವಕ್ಕೆ ಪಾಯಿಂಟಿನ ಮುಖದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಪಾಯಿಂಟು ಕೂಡಿದರೂ ಕರೆಂಟು ಹರಿಯುವುದಿಲ್ಲ. ವರ್ಷಕ್ಕೆ ನಾಲ್ಕು ದಿನ ಓಡಿಸುವ ಖುಷ್ಕಿ ರೈತನ ಇಂಜಿನ್ನಿಗೆ ಈ ಎರಡನೆಯದೇ ದೊಡ್ಡ ಶತ್ರು.

ಎಲೆಕ್ಟ್ರಾನಿಕ್ ಹಾಕಿಸಿದೆ

2017ರಲ್ಲಿ ತಾಲ್ಲೂಕಿನಲ್ಲಿ ಒಬ್ಬ ಮೆಕ್ಯಾನಿಕ್ಕು ನನ್ನ ಇಂಜಿನ್ನಿಗೆ ಬೆಂಕಿಪೆಟ್ಟಿಗೆಯಷ್ಟು ದಪ್ಪದ ಒಂದು ಮಾಡ್ಯೂಲ್ ಹಾಕಿದ. ‘ಯಜಮಾನ್ರೇ, ಇದು ಹಾಕಿದ್ಮೇಲೆ ಇನ್ನು ಪಾಯಿಂಟಿನ ಮುಖ ನೋಡ್ಬೇಕಾಗಿಲ್ಲ ನೀವು’ ಅಂದ. ಕಾಯಿಲ್ ಹಳೆಯದೇ, ಮ್ಯಾಗ್ನೆಟ್ ಹಳೆಯದೇ. ಪಾಯಿಂಟು, ಕಂಡೆನ್ಸರ್ ಮಾಡುತ್ತಿದ್ದ ಕೆಲಸವನ್ನು ಒಳಗಿರುವ ಟ್ರಾನ್ಸಿಸ್ಟರ್ ಮಾಡುತ್ತದೆ. ಕಾಯಿಲ್‌ನ ಕರೆಂಟು ಏರಿ ಬಂದದ್ದನ್ನು ಅದೇ ಗುರುತಿಸಿ ಗಕ್ಕನೆ ಕಡಿಯುತ್ತದೆ. ತಿಕ್ಕಾಟ ಇಲ್ಲ, ಸವೆತ ಇಲ್ಲ, ಪೊರೆ ಕಟ್ಟುವುದಿಲ್ಲ.

ಇದೇನೂ ಹೊಸ ವಿದ್ಯೆಯಲ್ಲ. ಅಮೆರಿಕದಲ್ಲಿ ಸಣ್ಣ ಇಂಜಿನ್ನು ಮಾಡುವ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿ 1982ರಲ್ಲೇ ಪಾಯಿಂಟು ಬಿಟ್ಟು ಎಲೆಕ್ಟ್ರಾನಿಕ್‌ಗೆ ಬಂತು. ನಮ್ಮಲ್ಲೂ 1990ರ ದಶಕದಲ್ಲಿ ಸ್ಕೂಟರಿನ ಮೈಮೇಲೆ ‘ಎಲೆಕ್ಟ್ರಾನಿಕ್’ ಎಂದು ಬರೆದು ಮಾರುತ್ತಿದ್ದದ್ದು ನೆನಪಿರಬಹುದು.

ನಿಜ ಹೇಳಬೇಕೆಂದರೆ ಆರು ವರ್ಷ ಸುಖವಾಗಿತ್ತು. ಎಂಟು ತಿಂಗಳು ಮಲಗಿದ್ದ ಇಂಜಿನ್ನು ಮೂರನೇ ಎಳೆತಕ್ಕೆ ಎದ್ದೇಳುತ್ತಿತ್ತು. ಹೊಗೆ ಕಮ್ಮಿ, ಓಟ ಒಂದೇ ಸಮ. ಮೆಕ್ಯಾನಿಕ್ಕು ಬಿಚ್ಚಿದ ಪಾಯಿಂಟು, ಕಂಡೆನ್ಸರನ್ನು ಅವನ ಅಂಗಡಿಯ ಗುಜರಿ ಡಬ್ಬಕ್ಕೆ ಹಾಕಲು ಹೋಗಿದ್ದ. ನಾನು ಯಾತಕ್ಕೋ ಅದನ್ನು ಕೇಳಿ ಇಸಿದುಕೊಂಡು, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಹಳೇ ತಂಬಾಕಿನ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಟ್ಟಿದ್ದೆ. ಮುಂದಾಲೋಚನೆ ಅಲ್ಲ, ಏನನ್ನೂ ಬಿಸಾಡದ ಹಳೇ ಚಾಳಿ.

2023ರಲ್ಲಿ

2023 ಎಂಥ ವರ್ಷವೆಂದು ಎಲ್ಲರಿಗೂ ಗೊತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ. ಜುಲೈ ಕೊನೆಯ ಮಳೆಗೆ ಹೊಂಡ ಮುಕ್ಕಾಲು ತುಂಬಿತ್ತು. ಆಗಸ್ಟು ಪೂರ್ತಿ ಒಣ ಗಾಳಿ. ಇಂಜಿನ್ನು ಹೊರಗೆ ತಂದೆವು. ಮಗ ಪ್ಲಗ್ಗು ತೊಳೆಯಲು ಬಿಚ್ಚಿದವನು, ಪ್ಲಗ್ಗಿನ ವೈರನ್ನು ಹಾಗೇ ಗಾಳಿಯಲ್ಲಿ ನೇತಾಡಲು ಬಿಟ್ಟು, ಒಳಗಿನ ಪೆಟ್ರೋಲು ಹೊರಗೆ ಹೋಗಲಿ ಎಂದು ಏಳೆಂಟು ಸಲ ಹಗ್ಗ ಎಳೆದ. ಆಮೇಲೆ ಪ್ಲಗ್ಗು ಹಾಕಿ ಎಳೆದರೆ ಕಿಡಿಯೇ ಇಲ್ಲ. ಮಾಡ್ಯೂಲ್ ಸತ್ತಿತ್ತು.

ಆಮೇಲೆ ತಿಳಿಯಿತು. ಎಲೆಕ್ಟ್ರಾನಿಕ್ ಇಗ್ನಿಷನ್ನಿನಲ್ಲಿ ಪ್ಲಗ್ಗಿನ ವೈರು ಬಿಚ್ಚಿಟ್ಟು ಇಂಜಿನ್ನು ಸುತ್ತಿಸಬಾರದು. ಕಿಡಿಗೆ ಹೋಗಲು ದಾರಿ ಸಿಗದಿದ್ದರೆ ಆ ಒದೆತ ಒಳಗೇ ತಿರುಗಿ ಕಾಯಿಲ್‌ನ ಇನ್ಸುಲೇಷನ್ನನ್ನೋ ಮಾಡ್ಯೂಲನ್ನೋ ಸುಡುತ್ತದೆ. ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಮೈಯನ್ನು ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟು ಆಮೇಲೆ ಎಳೆಯಬೇಕು. ಇದನ್ನು ಹಾಕಿದವನು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ತಪ್ಪು ಹುಡುಗನದ್ದು ಅನ್ನಲಾರೆ.

ತಾಲ್ಲೂಕಿಗೆ ಫೋನು ಮಾಡಿದೆ. ಮಾಡ್ಯೂಲ್ ಸ್ಟಾಕ್ ಇಲ್ಲ. ಬೆಂಗಳೂರಿನಿಂದ ತರಿಸಬೇಕು, ನಾಲ್ಕೈದು ದಿನ. 2016ರ ಆರು ದಿನ ಕಣ್ಣ ಮುಂದೆ ಬಂತು. ಆಗ ಮಗನೇ, ‘ಅಪ್ಪಾ, ಹಳೇ ಪಾಯಿಂಟು ಅಟ್ಟದ ಮೇಲಿತ್ತಲ್ಲ’ ಅಂದ. ಸೈಕಲ್ ಶಾಪಿನವರ ಹತ್ತಿರ ಪುಲ್ಲರ್ ಇಸಕೊಂಡು ಬಂದು ಫ್ಲೈವೀಲ್ ಎಳೆದೆವು. ಪಾಯಿಂಟು ಕೂರಿಸಿ, ಪೆಟ್ರೋಲಿನಲ್ಲಿ ಅದ್ದಿದ ಬಿಳಿ ರಟ್ಟಿನ ತುಂಡನ್ನು ಮುಖದ ನಡುವೆ ಎಳೆದು ಸ್ವಚ್ಛ ಮಾಡಿ, ಫಿಲ್ಲರ್ ಗೇಜಿನಲ್ಲಿ ಸಂದು ನೋಡಿ ಬಿಗಿದೆವು. ಕಂಡೆನ್ಸರನ್ನು ಮತ್ತೆ ಸೇರಿಸಿದೆವು. ಬೆಳಿಗ್ಗೆ ಒಂಬತ್ತಕ್ಕೆ ಸತ್ತ ಇಂಜಿನ್ನು ಮಧ್ಯಾಹ್ನ ಒಂದೂವರೆಗೆ ನೀರೆತ್ತುತ್ತಿತ್ತು. ಅವತ್ತು ರಾತ್ರಿ ಎಂಟೂವರೆಯವರೆಗೆ ಓಡಿ ಒಂದು ಎಕರೆ ಮುಗಿಸಿತು. ಬೇಸಿಗೆಯಲ್ಲಿ ಗುಜರಿಯವನು ಬಂದಾಗ ಆ ಡಬ್ಬಿ ಕೊಟ್ಟಿದ್ದರೆ ಆ ವರ್ಷದ ಬೀಜದ ಖರ್ಚೂ ಹುಟ್ಟುತ್ತಿರಲಿಲ್ಲ.

ಹೇಳಿ ಸಾಯುವುದು, ಹೇಳದೆ ಸಾಯುವುದು

ಇದರಿಂದ ನನಗೆ ಅರ್ಥವಾದದ್ದು ಇಷ್ಟು. ಪಾಯಿಂಟು ಸಾಯುವ ಮುಂಚೆ ಹೇಳುತ್ತದೆ. ಸ್ಟಾರ್ಟ್ ಆಗುವುದು ಕಷ್ಟವಾಗುತ್ತದೆ, ನಡುನಡುವೆ ಕೆಮ್ಮುತ್ತದೆ, ಬಿಸಿಯಾಗುತ್ತದೆ. ಸತ್ತರೂ ಒಂದು ರಟ್ಟಿನ ತುಂಡು, ಒಂದು ಸ್ಕ್ರೂ ಡ್ರೈವರಿನಲ್ಲಿ ಬದುಕಿಸಬಹುದು. ಆದರೆ ಅದಕ್ಕೆ ವರ್ಷ ವರ್ಷ ಆರೈಕೆ ಬೇಕು. ಮಾಡ್ಯೂಲಿಗೆ ಆರೈಕೆ ಬೇಡ. ಆದರೆ ಸಾಯುವಾಗ ಹೇಳುವುದಿಲ್ಲ, ಸತ್ತ ಮೇಲೆ ಬದುಕುವುದಿಲ್ಲ. ಒಳಗೆ ಅರಗು ಹುಯ್ದು ಮುಚ್ಚಿರುತ್ತಾರೆ, ಬಿಚ್ಚಿ ನೋಡುವಂತಿಲ್ಲ.

ಪೇಟೆ ಪಕ್ಕದವರಿಗೆ ಇದು ದೊಡ್ಡದಲ್ಲ, ಸಂಜೆಯೊಳಗೆ ಹೊಸದು ತರುತ್ತಾರೆ. ನಮಗೆ ಪೇಟೆ ದೂರ, ಬೆಳೆಗೆ ದಿನ ಕಮ್ಮಿ. ಹಾಗಾಗಿ ‘ಯಾವುದು ಒಳ್ಳೆಯದು’ ಎಂದು ಕೇಳುವುದಕ್ಕಿಂತ ‘ಕೆಟ್ಟ ದಿವಸ ನನ್ನ ಕೈಲಿ ಏನಿರುತ್ತದೆ’ ಎಂದು ಕೇಳಿಕೊಳ್ಳಬೇಕು.

ಹಾಕಿಸುವ ಮುಂಚೆ ನೋಡಬೇಕಾದ್ದು

ಬಹಳ ಮಂದಿ ಪಾಯಿಂಟಿನ ಮೇಲೆ ಸುಮ್ಮನೆ ಆಪಾದನೆ ಹೊರಿಸುತ್ತಾರೆ. ಎಲೆಕ್ಟ್ರಾನಿಕ್ ಹಾಕಿಸಿದ ಮೇಲೂ ಇಂಜಿನ್ನು ಓಡುವುದಿಲ್ಲ. ಮೊದಲು ಇವನ್ನು ನೋಡಿ.

ಒಂದು, ಪೆಟ್ರೋಲು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ಕಾರ್ಬುರೇಟರಿನಲ್ಲಿ ಬಿಟ್ಟರೆ ಜೆಟ್ಟು ಕಟ್ಟಿಕೊಳ್ಳುತ್ತದೆ. ಕೆಲಸ ಮುಗಿದ ದಿವಸವೇ ಟ್ಯಾಂಕೂ ಕಾರ್ಬುರೇಟರೂ ಖಾಲಿ ಮಾಡಿಡಿ.

ಎರಡು, ಪ್ಲಗ್ಗು. ಸಂದು 0.6ರಿಂದ 0.7 ಮಿಲಿಮೀಟರ್ ಇರಲಿ. ಒಂದು ಹೊಸ ಪ್ಲಗ್ಗು ಯಾವಾಗಲೂ ಮನೆಯಲ್ಲಿರಲಿ.

ಮೂರು, ಇಂಜಿನ್ನು ನಿಲ್ಲಿಸುವ ಸ್ವಿಚ್ಚಿನ ವೈರು. ಅದರ ಮೇಲಿನ ರಬ್ಬರು ಸುಲಿದು ಕಬ್ಬಿಣಕ್ಕೆ ತಾಗಿದರೆ ಕಿಡಿ ಬರುವುದಿಲ್ಲ. ಇಲಿ ಕಡಿದದ್ದೂ ಉಂಟು. ಆ ವೈರನ್ನು ಬಿಡಿಸಿ ಒಮ್ಮೆ ಎಳೆದು ನೋಡಿ.

ನಾಲ್ಕು, ಫ್ಲೈವೀಲಿನ ಕೀ. ಅದು ಅರ್ಧ ಕತ್ತರಿಸಿದ್ದರೆ ಕಿಡಿ ಬರುತ್ತದೆ, ಆದರೆ ಗಳಿಗೆ ತಪ್ಪಿ ಬರುತ್ತದೆ. ಫ್ಲೈವೀಲನ್ನು ಪುಲ್ಲರ್ ಹಾಕಿಯೇ ಎಳೆಯಬೇಕು. ಸುತ್ತಿಗೆಯಲ್ಲಿ ಹೊಡೆದರೆ ಕ್ರ್ಯಾಂಕು ಸೊಟ್ಟಗಾಗುತ್ತದೆ, ಮ್ಯಾಗ್ನೆಟ್ಟಿನ ಶಕ್ತಿಯೂ ಕುಂದುತ್ತದೆ.

ಐದು, ಪಾಯಿಂಟಿನ ಸಂದು. ಬಹುತೇಕ ಸಣ್ಣ ಇಂಜಿನ್ನಿಗೆ 0.35 ಮಿಲಿಮೀಟರ್ ಆಸುಪಾಸು, ನಿಮ್ಮ ಇಂಜಿನ್ನಿನ ಪುಸ್ತಕದಲ್ಲಿ ಇರುವುದೇ ಸರಿ. ಮುಖ ಮತ್ತೆ ಮತ್ತೆ ಸುಟ್ಟು ಕಪ್ಪಾದರೆ ಕಂಡೆನ್ಸರ್ ಹೋಗಿದೆ ಎಂದರ್ಥ. ಪಾಯಿಂಟು ಎಣ್ಣೆಯಲ್ಲಿ ನೆನೆದಿದ್ದರೆ ಆಯಿಲ್ ಸೀಲು ಹೋಗಿದೆ. ಪಾಲೀಶ್ ಪೇಪರಿನಲ್ಲಿ ತಿಕ್ಕಿದರೆ ಅದರ ಮರಳುಪುಡಿ ನಡುವೆ ಉಳಿಯುತ್ತದೆ. ಕೊನೆಗೆ ಪೆಟ್ರೋಲಿನಲ್ಲಿ ಅದ್ದಿದ ರಟ್ಟು ಎಳೆಯಲೇಬೇಕು.

ಆರು, ಕಾಯಿಲ್ ಮತ್ತು ಮ್ಯಾಗ್ನೆಟ್. ಇವು ದುರ್ಬಲವಾಗಿದ್ದರೆ ಎಂಥ ಮಾಡ್ಯೂಲ್ ಹಾಕಿದರೂ ಉಪಯೋಗವಿಲ್ಲ. ಮಾಡ್ಯೂಲ್ ಕರೆಂಟು ಹುಟ್ಟಿಸುವುದಿಲ್ಲ, ಹುಟ್ಟಿದ್ದನ್ನು ಕಡಿಯುತ್ತದೆ ಅಷ್ಟೇ.

ಹಾಕಿಸುವುದಾದರೆ ಹೀಗೆ

ಪಾಯಿಂಟು, ಕಂಡೆನ್ಸರನ್ನು ಒಳಗಡೆ ಇರುವ ಹಾಗೆಯೇ ಬಿಡಿ. ಕಾಯಿಲ್‌ನ ವೈರನ್ನು ಅದರಿಂದ ಬಿಡಿಸಿ ಹೊರಗೆ ತನ್ನಿ. ಪಾಯಿಂಟು ಮತ್ತು ಕಂಡೆನ್ಸರಿನ ವೈರನ್ನೂ ಬೇರೆಯಾಗಿ ಹೊರಗೆ ತಂದು, ತುದಿಗೆ ಟೇಪು ಸುತ್ತಿ ಕಟ್ಟಿಡಿ. ಮಾಡ್ಯೂಲ್ ಹೊರಗಡೆ ಇರಲಿ, ಕಾಯಿಲ್‌ನ ವೈರು ಅದಕ್ಕೆ ಸೇರಲಿ. ಮಾಡ್ಯೂಲ್ ಸತ್ತ ದಿವಸ ಆ ವೈರನ್ನು ಅದರಿಂದ ಬಿಡಿಸಿ ಪಾಯಿಂಟಿನ ವೈರಿಗೆ ಸೇರಿಸಿದರೆ ಮುಗಿಯಿತು. ಫ್ಲೈವೀಲ್ ಬಿಚ್ಚಬೇಕಿಲ್ಲ, ಪುಲ್ಲರ್ ಹುಡುಕಬೇಕಿಲ್ಲ. ಕ್ಯಾಮಿಗೆ ಒಂದು ಚೂರು ಗ್ರೀಸ್ ಇಟ್ಟರೆ ಹಿಮ್ಮಡಿ ಬೇಗ ಸವೆಯುವುದಿಲ್ಲ. ನನ್ನ ಇಂಜಿನ್ನು ಈಗ ಹೀಗಿದೆ. ವರ್ಷಕ್ಕೊಮ್ಮೆ, ಜೂನ್ ತಿಂಗಳಲ್ಲಿ, ಎರಡರಲ್ಲೂ ಓಡಿಸಿ ನೋಡುತ್ತೇನೆ. ಪಾಯಿಂಟಿಗೆ ಪೊರೆ ಕಟ್ಟಿದ್ದರೆ ಆಗಲೇ ತಿಳಿಯುತ್ತದೆ, ಸ್ವಚ್ಛ ಮಾಡಲು ಪುರುಸೊತ್ತೂ ಇರುತ್ತದೆ.

ಮಾಡ್ಯೂಲನ್ನು ಸಿಲಿಂಡರಿನ ಹತ್ತಿರ ಕೂರಿಸಬೇಡಿ, ಬಿಸಿಗೆ ಹಾಳಾಗುತ್ತದೆ. ತಂಪು ಗಾಳಿ ತಾಗುವ ಕಡೆ ಇರಲಿ. ಅದು ಕೂರುವ ಜಾಗದ ಬಣ್ಣವನ್ನು ಕೆರೆದು ಕಬ್ಬಿಣ ಕಾಣುವ ಹಾಗೆ ಮಾಡಿ ಬಿಗಿಯಿರಿ, ಅರ್ಥಿಂಗ್ ಸರಿಯಾಗಿರಬೇಕು. ಹಾಕಿದ ಕೂಡಲೇ ಕಿಡಿ ಬರಲಿಲ್ಲವೆಂದರೆ ಮಾಡ್ಯೂಲ್ ಕೆಟ್ಟಿದೆ ಎಂದು ತಿಳಿಯಬೇಡಿ. ಕೆಲವು ಇಂಜಿನ್ನಿನ ಮ್ಯಾಗ್ನೆಟ್ಟು ಪ್ಲಸ್ಸು, ಮೈನಸ್ಸು ಅದಲುಬದಲಾಗಿ ಕರೆಂಟು ಹುಟ್ಟಿಸುತ್ತದೆ. ಕೆಲವು ಮಾಡ್ಯೂಲಿನಲ್ಲಿ ವೈರು ಬದಲಾಯಿಸಿದರೆ ಸಾಕು, ಕೆಲವಕ್ಕೆ ಬೇರೆ ಮಾಡ್ಯೂಲೇ ಬೇಕು. ಬ್ಯಾಟರಿ ಕರೆಂಟನ್ನು ಮಾತ್ರ ಯಾವ ಕಾರಣಕ್ಕೂ ಕೊಟ್ಟು ನೋಡಬೇಡಿ.

ಹಾಕಿದ ಮೇಲೆ ಹಗ್ಗ ಕೈಯನ್ನು ಹಿಂದಕ್ಕೆ ಒದ್ದರೆ ಕಿಡಿ ಮುಂಚೆ ಬೀಳುತ್ತಿದೆ ಎಂದರ್ಥ. ಇಂಜಿನ್ನು ಮುಂಚಿಗಿಂತ ಬಿಸಿಯಾಗಿ ಎಳೆತ ಕಮ್ಮಿಯಾದರೆ ತಡವಾಗಿ ಬೀಳುತ್ತಿದೆ. ಎರಡೂ ಆಗಬಾರದು, ಹಾಗೆಯೇ ಓಡಿಸಬಾರದು.

ಸ್ಕೂಟರಿನ ಸಿಡಿಐ ಪೆಟ್ಟಿಗೆ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ತಂದು ಪಂಪಿನ ಇಂಜಿನ್ನಿಗೆ ಕಟ್ಟಿದವರನ್ನು ನೋಡಿದ್ದೇನೆ. ಸಿಡಿಐಗೆ ಅದರದ್ದೇ ಚಾರ್ಜಿಂಗ್ ಕಾಯಿಲ್, ಗಳಿಗೆ ಹೇಳುವ ಪಲ್ಸರ್ ಕಾಯಿಲ್ ಬೇಕು. ಪೆಟ್ಟಿಗೆ ಒಂದೇ ತಂದರೆ ಕೆಲಸ ಆಗುವುದಿಲ್ಲ.

ಕೆಲವರು ಹಾಕಿಸಲೇಬಾರದು. ಫ್ಲೈವೀಲನ್ನು ಕೊರೆಯಬೇಕು, ಪ್ಲೇಟನ್ನು ಕತ್ತರಿಸಬೇಕು ಎಂದು ಮೆಕ್ಯಾನಿಕ್ಕು ಹೇಳಿದರೆ ಬೇಡ. ಅಲ್ಲಿಗೆ ಮರಳುವ ದಾರಿ ಮುಚ್ಚಿತು. ಕ್ರ್ಯಾಂಕಿನ ಬೇರಿಂಗು ಸವೆದು ಅಲ್ಲಾಡುತ್ತಿದ್ದರೆ ಮೊದಲು ಬೇರಿಂಗು. ನಿಮ್ಮ ಇಂಜಿನ್ನಿನ ಪಾಯಿಂಟು ಹೋಬಳಿಯ ಅಂಗಡಿಯಲ್ಲೇ ಸಿಗುತ್ತಿದ್ದು, ಅದನ್ನು ಸರಿಮಾಡಲು ನಿಮಗೇ ಬರುತ್ತಿದ್ದರೆ, ಇರುವುದನ್ನೇ ಚೆನ್ನಾಗಿಟ್ಟುಕೊಳ್ಳಿ. ಸುಮ್ಮನೆ ಹೊಸದೆಂದು ಆಸೆಪಡಬೇಡಿ.

ನಾವು ಕೇಳಬೇಕಾದ್ದು

ಇಷ್ಟು ನಮ್ಮ ಕೆಲಸ. ಮಾರುವವರ ಕೆಲಸವೂ ಇದೆ. ಮಾಡ್ಯೂಲ್ ಜೊತೆ ಕನ್ನಡದಲ್ಲಿ ಒಂದು ಚೀಟಿ ಕೊಡಲಿ. ಯಾವ ವೈರು ಎಲ್ಲಿಗೆ, ಏನು ಮಾಡಬಾರದು ಎಂದು ಹತ್ತು ಸಾಲು ಸಾಕು. ಅಂಥ ಹತ್ತು ಸಾಲು ಇದ್ದಿದ್ದರೆ ನನ್ನ ಮಾಡ್ಯೂಲ್ ಸಾಯುತ್ತಿರಲಿಲ್ಲ. ಕಾಯಿಲ್, ಮಾಡ್ಯೂಲ್ ಎಲ್ಲ ಒಂದೇ ಮುದ್ದೆ ಮಾಡಿ ಮಾರುವುದಕ್ಕಿಂತ ಬೇರೆ ಬೇರೆ ಕೊಟ್ಟರೆ ಕೆಟ್ಟದ್ದನ್ನು ಮಾತ್ರ ಬದಲಾಯಿಸಬಹುದು. ಮೆಕ್ಯಾನಿಕ್ಕುಗಳು ಬಿಚ್ಚಿದ ಸಾಮಾನನ್ನು ರೈತನ ಕೈಗೇ ಕೊಡಲಿ. ಅವರು ಮರೆತರೆ ನಾವು ಕೇಳಿ ಪಡೆಯೋಣ. ಅದು ನಮ್ಮ ಸಾಮಾನು.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಎಂಬ ವಿಷಯಕ್ಕೆ ಒಂದು ಸಮಿತಿ ಮಾಡಿತು. ಮೊಬೈಲು, ಮನೆಬಳಕೆ ಸಾಮಾನು, ವಾಹನಗಳ ಜೊತೆ ಕೃಷಿ ಉಪಕರಣವನ್ನೂ ಅದರಲ್ಲಿ ಸೇರಿಸಿದ್ದಾರೆ. ಕೊಂಡವನಿಗೆ ಅದನ್ನು ರಿಪೇರಿ ಮಾಡಿಸುವ ಮಾಹಿತಿಯೂ ಬಿಡಿ ಸಾಮಾನೂ ಸಿಗಬೇಕು ಎಂಬುದು ಅದರ ತಿರುಳು. ಒಳ್ಳೆಯ ಮಾತು. ಆದರೆ ದಿಲ್ಲಿಯ ಹಕ್ಕು ಹೊಂಡದ ಏರಿಗೆ ಬರುವಷ್ಟರಲ್ಲಿ ಎಷ್ಟು ಮಖೆ ಮಳೆ ಹೋಗುತ್ತದೋ! ಅಲ್ಲಿಯವರೆಗೆ ನಮ್ಮ ಸಹಕಾರ ಸಂಘಗಳು, ರೈತ ಉತ್ಪಾದಕ ಕಂಪನಿಗಳು ಒಂದು ಸಣ್ಣ ಕೆಲಸ ಮಾಡಬಹುದು. ಒಂದು ಪುಲ್ಲರ್, ಒಂದು ಫಿಲ್ಲರ್ ಗೇಜು, ಊರಿನಲ್ಲಿರುವ ಇಂಜಿನ್ನಿಗೆ ಹೊಂದುವ ಎರಡು ಮಾಡ್ಯೂಲ್, ನಾಲ್ಕು ಸೆಟ್ ಪಾಯಿಂಟು, ಕಂಡೆನ್ಸರ್ ತಂದಿಟ್ಟುಕೊಳ್ಳಲಿ. ಗೊಬ್ಬರದ ಚೀಲದ ಪಕ್ಕ ಒಂದು ಡಬ್ಬ ಜಾಗ ಸಾಕು. ಬಾಡಿಗೆಗೆ ಟ್ರ್ಯಾಕ್ಟರ್ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲೂ ಮೇ ತಿಂಗಳಲ್ಲಿ ಎರಡು ದಿನ ಇಂಜಿನ್ನು ಬಿಚ್ಚಿ ಕಟ್ಟುವುದನ್ನು ಕಲಿಸಿದರೆ, ಹತ್ತನೇ ಕ್ಲಾಸು ಮುಗಿಸಿ ಮನೆಯಲ್ಲಿರುವ ಹುಡುಗರಿಗೂ ಒಂದು ದಾರಿಯಾಗುತ್ತದೆ.

ನನಗೆ ಇಂಜಿನ್ನಿನ ವಿದ್ಯೆ ಯಾರೂ ಶಾಲೆಯಲ್ಲಿ ಕಲಿಸಲಿಲ್ಲ, ನಾನು ಓದಿದ್ದು ಏಳನೇ ಕ್ಲಾಸು. ಐವತ್ತು ದಾಟಿದ ಮೇಲೆ, ಬೆಳೆ ಕಳಕೊಂಡ ಮೇಲೆ ಕಲಿತೆ. ನೀವು ಅಷ್ಟು ಕಾಯಬೇಡಿ. ಈ ಭಾನುವಾರ ಇಂಜಿನ್ನಿನ ಮೇಲಿನ ಗೋಣಿಚೀಲ ತೆಗೆದು ಹಗ್ಗ ಎಳೆದು ನೋಡಿ. ಓಡಿದರೆ ಸಂತೋಷ. ಓಡದಿದ್ದರೆ ಇನ್ನೂ ಸಂತೋಷ, ಯಾಕೆಂದರೆ ಇವತ್ತು ಹೊಂಡದ ಏರಿ ಮೇಲೆ ಬೆಳೆ ಕಾಯುತ್ತಿಲ್ಲ, ಸರಿಮಾಡಲು ಸಮಯವಿದೆ.

ಸ್ಪ್ರೇಯರ್ ಇಂಜಿನ್ನಿಗೆ ಹೀಗೆ ಎರಡೂ ವ್ಯವಸ್ಥೆ ಇಟ್ಟುಕೊಂಡವರು ಯಾರಾದರೂ ಇದ್ದರೆ ತಮ್ಮ ಅನುಭವವನ್ನು ಪತ್ರಿಕೆಗೆ ಬರೆಯಲಿ. ನನ್ನ ಸ್ಪ್ರೇಯರು ಇನ್ನೂ ಪಾಯಿಂಟಿನಲ್ಲೇ ಇದೆ.